ಭೀಮಾ–ಕಾಗಿಣಾ ತೀರದಲ್ಲಿ ಪರಮಾಣು ವಿಚಾರ

ಒಂದು ಹೆಂಟೆ ಮಣ್ಣನ್ನು ಒಡೆದರೆ ಪುಡಿ, ಪುಡಿಯನ್ನು ಅರೆದರೆ ಧೂಳು. ಧೂಳನ್ನು ಇನ್ನೂ ಒಡೆಯುತ್ತ ಹೋದರೆ ಎಲ್ಲಿ ನಿಲ್ಲಬೇಕು, ಅಥವಾ ನಿಲ್ಲಲೇಬೇಕೇ ಎಂಬುದು ಭಾರತೀಯ ದರ್ಶನಗಳಲ್ಲಿ ಪರಮಾಣು ವಿಚಾರ ಹುಟ್ಟಿದ ಪ್ರಶ್ನೆ. ಈ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಬಹುಪಾಲು ಇಂದಿನ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ಮತ್ತು ಅದರ ಉಪನದಿ ಕಾಗಿಣಾ ಹರಿಯುವ ಸೀಮೆಯಲ್ಲಿ, ಒಂದಲ್ಲ ಒಂದು ಶತಮಾನದಲ್ಲಿ ಬರೆಯಲ್ಪಟ್ಟಿವೆ, ಪಾಠವಾಗಿವೆ ಅಥವಾ ಖಂಡನೆಗೊಳಗಾಗಿವೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಚಿತ್ತಾಪುರದ ಬಳಿಯ ನಾಗಾವಿ ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ. ಭೀಮಾ ದಂಡೆಯಲ್ಲಿ ಅಫಜಲಪುರ ತಾಲ್ಲೂಕಿನ ಮಣ್ಣೂರ, ಮಧ್ವಪರಂಪರೆಯ ಮಾಧವತೀರ್ಥರ ವೃಂದಾವನವಿರುವ ಊರು. ಮೊದಲ ಊರಿನಲ್ಲಿ ಪರಮಾಣುವಿಗೆ ಗೌರವ, ಎರಡನೆಯದರಲ್ಲಿ ವಾದ, ಮೂರನೆಯದರ ಪರಂಪರೆಯಲ್ಲಿ ಖಂಡನೆ.

ವಿಚಾರದ ಬೇರು ಈ ಸೀಮೆಯದಲ್ಲ. ಕಣಾದನ ಹೆಸರಿನ ವೈಶೇಷಿಕ ಸೂತ್ರಗಳು ಕ್ರಿಸ್ತಶಕದ ಆರಂಭದ ಆಚೀಚೆಗೆ ರೂಪುಗೊಂಡವು. ಪ್ರಶಸ್ತಪಾದನ ‘ಪದಾರ್ಥಧರ್ಮಸಂಗ್ರಹ’ ಅವುಗಳಿಗೆ ಗಟ್ಟಿ ಚೌಕಟ್ಟು ಕೊಟ್ಟಿತು. ವೈಶೇಷಿಕರ ಪ್ರಕಾರ ಪೃಥ್ವಿ, ಜಲ, ತೇಜಸ್ಸು, ವಾಯು ಎಂಬ ನಾಲ್ಕು ಜಾತಿಯ ಪರಮಾಣುಗಳಿವೆ. ಅವು ನಿತ್ಯ, ಅವಕ್ಕೆ ಭಾಗಗಳಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ತ್ರ್ಯಣುಕ. ಈ ತ್ರ್ಯಣುಕಕ್ಕೆ ಇನ್ನೊಂದು ಹೆಸರು ತ್ರಸರೇಣು. ಕಿಟಕಿಯ ಜಾಲಂಧ್ರದಿಂದ ಕತ್ತಲ ಕೋಣೆಗೆ ಬಿಸಿಲಕೋಲು ಬಿದ್ದಾಗ ಅದರಲ್ಲಿ ಮಿನುಗುತ್ತ ತೇಲುವ ಧೂಳಿನ ಕಣವೇ ಅದು. ಆ ಕಣ ಕಾಣುತ್ತದೆ. ಕಾಣುವುದೆಲ್ಲ ಗಡಿಗೆಯ ಹಾಗೆ ಭಾಗಗಳಿಂದ ಆದದ್ದು. ಆದ್ದರಿಂದ ಅದಕ್ಕೂ ಭಾಗಗಳಿರಬೇಕು ಎಂಬುದು ವಾದ. ಹಾಗೆಂದು ಭಾಗಗಳ ಸಾಲು ಕೊನೆಯಿಲ್ಲದೆ ಸಾಗಿದರೆ ಮೇರು ಪರ್ವತಕ್ಕೂ ಸಾಸಿವೆ ಕಾಳಿಗೂ ಅನಂತ ಭಾಗಗಳಾಗಿ, ಎರಡೂ ಒಂದೇ ಗಾತ್ರವೆಂದು ಒಪ್ಪಬೇಕಾದೀತು. ಹಾಗಾಗದಂತೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಹೀಗೆ ನಿಂತ ಜಾಗವೇ ಪರಮಾಣು, ಅಂದರೆ ಬಿಸಿಲಕೋಲಿನ ಧೂಳಿನ ಆರನೆಯ ಒಂದು ಪಾಲು.

ಬಿಸಿಲಿನ ಧೂಳನ್ನು ಸಾಕ್ಷಿಗೆ ಕರೆದವರು ಇವರೊಬ್ಬರೇ ಅಲ್ಲ. ಗ್ರೀಸಿನಲ್ಲಿ ಕ್ರಿ.ಪೂ. 5ನೆಯ ಶತಮಾನದ ಲ್ಯೂಸಿಪ್ಪಸ್ ಮತ್ತು ಡೆಮಾಕ್ರಿಟಸ್ ಆರಂಭಿಸಿದ ಅಣುವಾದವನ್ನು ಕ್ರಿ.ಪೂ. 1ನೆಯ ಶತಮಾನದ ರೋಮನ್ ಕವಿ ಲುಕ್ರೀಷಿಯಸ್ ಕಾವ್ಯವಾಗಿ ಬರೆದಾಗ ಅವನೂ ಇದೇ ದೃಶ್ಯವನ್ನು ಮುಂದಿಟ್ಟ. ಆದರೆ ಅವನಿಗೆ ಧೂಳಿನ ಅಲುಗಾಟ ಮುಖ್ಯ: ಕಾಣದ ಕಣಗಳು ಗುದ್ದುವುದರಿಂದ ಕಾಣುವ ಕಣ ಅಲುಗುತ್ತದೆ ಎಂದು ಅವನ ತರ್ಕ. ವೈಶೇಷಿಕರಿಗೆ ಚಲನೆಗಿಂತ ಗಾತ್ರ ಮುಖ್ಯ. ಒಂದೇ ಬೆಳಕಿನ ಕೋಲು ಇಬ್ಬರಿಗೆ ಎರಡು ಬೇರೆ ಸಂಗತಿಗಳನ್ನು ತೋರಿಸಿತು.

ಭೀಮಾ ಕಣಿವೆಗೆ ಮೊದಲು ಬಂದ ದೊಡ್ಡ ದಾರ್ಶನಿಕ ಸಮುದಾಯ ಬೌದ್ಧರದು. ಸನ್ನತಿಯಲ್ಲಿ 1989ರಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಮಹಾಸ್ತೂಪವೂ ಅಶೋಕನ ಹೆಸರು ಬರೆದ ಶಿಲ್ಪವೂ ಹೊರಬಂದವು. ಬೌದ್ಧರಲ್ಲಿ ಸರ್ವಾಸ್ತಿವಾದಿಗಳು ಪರಮಾಣುವನ್ನು ಒಪ್ಪಿದರೂ ಅದನ್ನು ನಿತ್ಯ ಎನ್ನಲಿಲ್ಲ. ಅದು ಕ್ಷಣಿಕ, ಒಂಟಿಯಾಗಿ ಇರಲಾರದು, ನಾಲ್ಕು ಭೂತಗಳೂ ರೂಪ-ರಸ-ಗಂಧ-ಸ್ಪರ್ಶಗಳೂ ಕೂಡಿದ ಎಂಟರ ಗೊಂಚಲಾಗಿಯೇ ಇರುತ್ತದೆ ಎಂದರು. ವಸುಬಂಧುವಿನ ‘ವಿಂಶತಿಕಾ’ ಕೊಟ್ಟ ಏಟು ಮಾತ್ರ ಎಲ್ಲ ಅಣುವಾದಿಗಳಿಗೂ ತಾಗಿತು. ಒಂದು ಪರಮಾಣುವಿಗೆ ನಾಲ್ಕು ದಿಕ್ಕು, ಮೇಲೆ, ಕೆಳಗೆ ಎಂದು ಆರು ಕಡೆಯಿಂದ ಆರು ಪರಮಾಣುಗಳು ಅಂಟಿದರೆ ಅದಕ್ಕೆ ಆರು ಮಗ್ಗುಲುಗಳಾದವು, ಮಗ್ಗುಲಿದ್ದರೆ ಭಾಗವಿದ್ದಂತೆಯೇ. ಮಗ್ಗುಲೇ ಇಲ್ಲವೆಂದರೆ ಆರೂ ಒಂದೇ ಬಿಂದುವಿನಲ್ಲಿ ಕುಳಿತು, ಎಷ್ಟು ಸೇರಿದರೂ ಬೆಟ್ಟವಾಗದು. ಮುಂದಿನ ಸಾವಿರ ವರ್ಷ ಪರಮಾಣುವನ್ನು ಎದುರಿಸಿದವರೆಲ್ಲ ಈ ಆಯುಧವನ್ನೇ ಸಾಣೆ ಹಿಡಿದು ಬಳಸಿದರು.

ಕನ್ನಡ ನೆಲಕ್ಕೆ ಹೆಚ್ಚು ಸ್ವಂತವಾದದ್ದು ಜೈನರ ಪುದ್ಗಲ (ಜಡದ್ರವ್ಯ) ವಿಚಾರ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯ ಇದರ ಮೂಲ. ಅದರ ಮೇಲೆ ಉಳಿದು ಬಂದ ದಿಗಂಬರ ವ್ಯಾಖ್ಯಾನಗಳಲ್ಲಿ ಮೊದಲನೆಯದಾದ ‘ಸರ್ವಾರ್ಥಸಿದ್ಧಿ’ಯನ್ನು ಬರೆದ ಪೂಜ್ಯಪಾದ ದೇವನಂದಿ ಕರ್ನಾಟಕದವರು. ಅದನ್ನು ಬೆಳೆಸಿ ‘ರಾಜವಾರ್ತಿಕ’ ಬರೆದ 8ನೆಯ ಶತಮಾನದ ಅಕಲಂಕನನ್ನು ಜೈನ ಕಥಾಕೋಶಗಳು ಮಾನ್ಯಖೇಟದ ಮಂತ್ರಿಯ ಮಗನೆನ್ನುತ್ತವೆ. ಮಾನ್ಯಖೇಟ ರಾಜಧಾನಿಯಾಗಿ ಮೆರೆದದ್ದು 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲಕ್ಕೆ. ಕಥೆಯು ಹಿಂದಿನ ಪಂಡಿತನನ್ನು ಮುಂದಿನ ರಾಜಧಾನಿಗೆ ತಂದು ಕೂರಿಸಿದಂತಿದೆ. ಆದರೂ ಅಕಲಂಕನ ಹೆಸರಿಗೆ ಒಪ್ಪುವ ಊರು ಅದೇ ಎಂದು ಕಥೆಗಾರರಿಗೆ ತೋರಿದ್ದು ಸುಮ್ಮನೆ ಅಲ್ಲ.

ಜೈನರ ಪರಮಾಣುವಿನಲ್ಲಿ ಜಾತಿಭೇದವಿಲ್ಲ. ಮಣ್ಣಿನ ಪರಮಾಣು ಬೇರೆ, ನೀರಿನದು ಬೇರೆ ಎಂಬುದನ್ನು ಅವರು ಒಪ್ಪುವುದಿಲ್ಲ. ಕಟ್ಟಿಗೆ ಉರಿದು ಬೆಂಕಿಯಾಗುವುದನ್ನು ಕಣ್ಣಾರೆ ಕಂಡ ಮೇಲೆ ಒಂದು ಜಾತಿ ಇನ್ನೊಂದಾಗದು ಎನ್ನುವುದು ಹೇಗೆ ಎಂದು ಅವರ ಪ್ರಶ್ನೆ. ಪ್ರತಿಯೊಂದು ಪರಮಾಣುವಿಗೂ ಒಂದು ಬಣ್ಣ, ಒಂದು ರುಚಿ, ಒಂದು ವಾಸನೆ, ಎರಡು ಸ್ಪರ್ಶ. ಸ್ಪರ್ಶಗಳಲ್ಲಿ ಶೀತ ಅಥವಾ ಉಷ್ಣ ಒಂದು. ಸ್ನಿಗ್ಧ ಅಥವಾ ರೂಕ್ಷ, ಅಂದರೆ ಜಿಡ್ಡು ಅಥವಾ ಒರಟು, ಇನ್ನೊಂದು. ಈ ಎರಡನೆಯ ಜೋಡಿಯಲ್ಲೇ ಜೈನರ ನಿಜವಾದ ಹೊಸತನವಿದೆ. ವೈಶೇಷಿಕರು ಎರಡು ಪರಮಾಣು ಸೇರುತ್ತವೆ ಎಂದರೇ ಹೊರತು ಏಕೆ ಅಂಟಿಕೊಳ್ಳುತ್ತವೆ ಎಂಬುದಕ್ಕೆ ಅದೃಷ್ಟ (ಹಿಂದಿನ ಕರ್ಮದ ಕಾಣದ ಶಕ್ತಿ), ಈಶ್ವರನ ಇಚ್ಛೆ ಎಂದು ಹೊರಗಿನ ಕಾರಣಗಳನ್ನು ತೋರಿಸಿದರು. ಜೈನರು ಕಾರಣವನ್ನು ಪರಮಾಣುವಿನೊಳಗೇ ಇಟ್ಟರು: ಜಿಡ್ಡು ಮತ್ತು ಒರಟುತನವೇ ಬಂಧಕ್ಕೆ ಕಾರಣ.

ಪೂಜ್ಯಪಾದರು ಇದನ್ನು ವಿವರಿಸುವಾಗ ಗ್ರಂಥಭಾಷೆ ಬಿಟ್ಟು ಹಟ್ಟಿ-ಅಡುಗೆಮನೆಗೆ ಇಳಿಯುತ್ತಾರೆ. ಜಿಡ್ಡಿಗೆ ಮಟ್ಟಗಳಿವೆ, ನೀರಿಗಿಂತ ಆಡಿನ ಹಾಲು, ಅದಕ್ಕಿಂತ ಆಕಳ ಹಾಲು, ಅದಕ್ಕಿಂತ ಎಮ್ಮೆಯದು, ಮುಂದೆ ಒಂಟೆಯದು, ತುಪ್ಪ ಹೀಗೆ ಜಿಡ್ಡು ಏರುತ್ತದೆ. ಧೂಳು, ನುಚ್ಚು, ಹರಳು ಎಂಬ ಕ್ರಮದಲ್ಲಿ ಒರಟುತನವೂ ಏರುತ್ತದೆ. ಹಾಗೆಯೇ ಪರಮಾಣುಗಳಲ್ಲೂ ಒಂದರಿಂದ ಅನಂತದವರೆಗೆ ಮಟ್ಟಗಳು. ದಿಗಂಬರ ವ್ಯಾಖ್ಯಾನದ ನಿಯಮ ಲೆಕ್ಕದಷ್ಟು ಖಚಿತ: ಅತಿ ಕೆಳಗಿನ ಮಟ್ಟದ ಪರಮಾಣು ಯಾವುದರ ಜೊತೆಗೂ ಕೂಡದು, ಸಮಾನ ಮಟ್ಟದವು ಕೂಡವು, ಮಟ್ಟದಲ್ಲಿ ಎರಡರ ವ್ಯತ್ಯಾಸವಿದ್ದರೆ ಮಾತ್ರ ಬಂಧ. ಎರಡು ಮಟ್ಟದ್ದು ನಾಲ್ಕರ ಜೊತೆ ಕೂಡುತ್ತದೆ, ಮೂರರ ಜೊತೆ ಇಲ್ಲ. ಕೂಡಿದ ಮೇಲೆ ಹೆಚ್ಚಿನ ಮಟ್ಟದ್ದು ಕಡಿಮೆಯದನ್ನು ತನ್ನಂತೆ ಮಾಡಿಕೊಳ್ಳುತ್ತದೆ. ಪಸೆಯಾದ ಬೆಲ್ಲಕ್ಕೆ ಧೂಳು ಬಿದ್ದರೆ ಧೂಳೇ ಸಿಹಿಯಾಗುವ ಹಾಗೆ. ಕಬ್ಬಿನ ಗಾಣ, ಬೆಲ್ಲದ ಕೊಪ್ಪರಿಗೆ ಕಂಡ ಯಾರಿಗೂ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೇ ಏಕೆ, ಮೂರು ಏಕಲ್ಲ ಎಂಬುದಕ್ಕೆ ಮಾತ್ರ ಪ್ರಯೋಗದ ಆಧಾರವಿಲ್ಲ. ಆಗಮವಾಕ್ಯವೇ ಅಲ್ಲಿ ಪ್ರಮಾಣ. ಇಂದಿನ ರಸಾಯನಶಾಸ್ತ್ರದ ಧನ-ಋಣ ಆವೇಶಗಳನ್ನು ಸ್ನಿಗ್ಧ-ರೂಕ್ಷಗಳಲ್ಲಿ ಕಾಣುವ ಬರಹಗಳು ಕಳೆದ ಶತಮಾನದಿಂದ ಬಂದಿವೆ. ಹೋಲಿಕೆ ಆಕರ್ಷಕವಾದರೂ ಪೂಜ್ಯಪಾದರ ಮುಂದೆ ಇದ್ದದ್ದು ಎಮ್ಮೆಯ ಹಾಲು, ವಿದ್ಯುತ್ತಲ್ಲ.

ಅನಂತ ಪರಮಾಣುಗಳು ಸೀಮಿತ ಲೋಕಾಕಾಶದಲ್ಲಿ ಹೇಗೆ ಹಿಡಿಸುತ್ತವೆ ಎಂಬ ಪ್ರಶ್ನೆಗೂ ಮನೆಯೊಳಗಿನ ಉತ್ತರವೇ ಸಿಕ್ಕಿತು: ಒಂದು ಕೋಣೆಯಲ್ಲಿ ಹಲವು ದೀಪ ಹಚ್ಚಿದರೆ ಎಲ್ಲದರ ಬೆಳಕೂ ಅಲ್ಲೇ ಹಿಡಿಸುವುದಿಲ್ಲವೇ? ಶಬ್ದ, ನೆರಳು, ಕತ್ತಲೆ, ಬಿಸಿಲು, ಬೆಳದಿಂಗಳು ಕೂಡ ಪುದ್ಗಲದ ರೂಪಗಳೇ ಎಂದು ಜೈನರು ಹೇಳಿದರು. ವೈಶೇಷಿಕರಿಗೆ ಶಬ್ದ ಆಕಾಶದ ಗುಣ. ಜೈನರಿಗೆ ಅದು ದ್ರವ್ಯ, ಗೋಡೆಗೆ ತಾಗುತ್ತದೆ, ತಡೆಗೊಳ್ಳುತ್ತದೆ. ಕರ್ಮವೂ ಅವರಲ್ಲಿ ಅತಿಸೂಕ್ಷ್ಮ ದ್ರವ್ಯ, ಜೀವಕ್ಕೆ ಅಂಟುವಂಥದ್ದು. ಜೈನ ಆಚಾರ್ಯರು ಬಂಧದ ನಿಯಮದಲ್ಲಿ ಇಷ್ಟು ಆಸಕ್ತಿ ತೋರಿದ್ದು ಏಕೆಂದು ಇದರಿಂದ ತಿಳಿಯುತ್ತದೆ: ಬಂಧ ಅರ್ಥವಾಗದೆ ಮೋಕ್ಷ ಅರ್ಥವಾಗದು.

ಕರ್ಮಪುದ್ಗಲದ ಲೆಕ್ಕಾಚಾರ ‘ಷಟ್‌ಖಂಡಾಗಮ’ದಂಥ ದಿಗಂಬರ ಆಗಮಗಳ ವ್ಯಾಖ್ಯಾನಗಳಲ್ಲಿ ತುತ್ತತುದಿಗೆ ಏರಿತು. ವೀರಸೇನರು ‘ಧವಳಾ’ ಟೀಕೆಯನ್ನು 816ರಲ್ಲಿ ಮುಗಿಸಿದರೆಂದು ಲೆಕ್ಕ. ‘ಕಸಾಯಪಾಹುಡ’ದ ಮೇಲೆ ಅವರು ಅರ್ಧಕ್ಕೆ ಬಿಟ್ಟ ‘ಜಯಧವಳಾ’ವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು, ಈ ಜಿನಸೇನರೇ ಅಮೋಘವರ್ಷನ ಗುರು. ಈ ಟೀಕೆಗಳ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದು ಬಂದು 20ನೆಯ ಶತಮಾನದಲ್ಲಿ ಅಚ್ಚಾದವು.

ಅದೇ ಅಮೋಘವರ್ಷನನ್ನು ಮಂಗಳ ಶ್ಲೋಕಗಳಲ್ಲಿ ಹೊಗಳುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ, ಸುಮಾರು 850ರ ಹೊತ್ತಿಗೆ, ಪರಮಾಣು ತತ್ತ್ವಶಾಸ್ತ್ರದಿಂದ ಇಳಿದು ಅಳತೆಗೋಲಿನ ತುದಿಗೆ ಬರುತ್ತದೆ. ಅನಂತ ಪರಮಾಣುಗಳು ಸೇರಿ ಒಂದು ಅಣು. ಅಲ್ಲಿಂದ ಎಂಟೆಂಟರ ಏಣಿ. ತ್ರಸರೇಣು, ರಥದ ಗಾಲಿ ಎಬ್ಬಿಸುವ ರಥರೇಣು, ಕೂದಲು, ಹೇನಿನ ಮೊಟ್ಟೆ, ಜವೆಗೋಧಿಯ ಕಾಳು ಎಂದು ಹತ್ತುತ್ತ ಅಂಗುಲಕ್ಕೆ ಬಂದು, ಅಂಗುಲದಿಂದ ಹೊಲ ಅಳೆಯುವ ದಂಡಕ್ಕೆ ತಲುಪುತ್ತದೆ. ಕಾಲಕ್ಕೂ ಅಣುವೇ ಗಡಿಯಾರ: ಒಂದು ಅಣು ಇನ್ನೊಂದನ್ನು ದಾಟುವ ಹೊತ್ತೇ ‘ಸಮಯ’. ಈ ಏಣಿಯಲ್ಲಿ ಅಣು ಬೇರೆ, ಪರಮಾಣು ಬೇರೆ ಎಂಬುದು ಗಮನಿಸಬೇಕಾದ ಸಂಗತಿ.

972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ರಾಜಕೀಯದ ನಡು ಕಲ್ಯಾಣಕ್ಕೆ ಸರಿಯಿತು, ವಿದ್ಯೆಯ ಒಂದು ನಡು ನಾಗಾವಿಯಲ್ಲಿ ಎದ್ದಿತು. ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಶಾಲೆಯ ವಿವರ 1058ರ ಶಾಸನದಲ್ಲಿದೆ. ಇನ್ನೂರು ವೇದವಿದ್ಯಾರ್ಥಿಗಳು, ಐವತ್ತೆರಡು ಶಾಸ್ತ್ರವಿದ್ಯಾರ್ಥಿಗಳು, ಆರು ಮಂದಿ ಸರಸ್ವತೀ ಭಂಡಾರಿಗಳು. ಶಾಸ್ತ್ರಪಾಠಕ್ಕೆ ಮೂವರು ಉಪಾಧ್ಯಾಯರು: ಮೀಮಾಂಸೆಯ ಭಾಟ್ಟದರ್ಶನಕ್ಕೆ ಒಬ್ಬ, ಪ್ರಾಭಾಕರಕ್ಕೆ ಒಬ್ಬ, ನ್ಯಾಯಕ್ಕೆ ಒಬ್ಬ. ಪುಸ್ತಕ ಕಾಯಲು ಶಾಸ್ತ್ರ ಹೇಳುವವರಿಗಿಂತ ಇಮ್ಮಡಿ ಜನ.

ಈ ಮೂವರು ಒಂದೇ ಸೂರಿನಡಿ ಕುಳಿತದ್ದು ಪರಮಾಣುವಿನ ದೃಷ್ಟಿಯಿಂದ ಸ್ವಾರಸ್ಯದ ಸಂಗತಿ. ನ್ಯಾಯದರ್ಶನವು ವೈಶೇಷಿಕರ ಪರಮಾಣುವನ್ನು ಒಪ್ಪಿಕೊಂಡದ್ದು. ಭಾಟ್ಟ ಮೀಮಾಂಸಕರಿಗೋ ಕಾಣದ ಪರಮಾಣುವಿನಲ್ಲಿ ಅಂಥ ಹಟವಿಲ್ಲ. ಬಿಸಿಲಕೋಲಿನ ಧೂಳಿಗೇ ಪರಮಾಣು ಎನ್ನಿ, ಅದರಾಚೆ ಏಕೆ ಹೋಗಬೇಕು ಎಂಬ ನಿಲುವು ಅವರಲ್ಲಿ ಬೆಳೆಯಿತು. ಬಹಳ ಮುಂದೆ, 16ನೆಯ ಶತಮಾನದಲ್ಲಿ, ನವದ್ವೀಪದ ರಘುನಾಥ ಶಿರೋಮಣಿ ನೈಯಾಯಿಕನಾಗಿದ್ದುಕೊಂಡೇ ಪರಮಾಣು, ದ್ವ್ಯಣುಕ ಎರಡನ್ನೂ ಕೈಬಿಟ್ಟು ಇದೇ ಧೂಳಿನಲ್ಲಿ ನಿಂತ.

ನ್ಯಾಯ ಮತ್ತು ವೈಶೇಷಿಕಗಳ ನಡುವೆಯೂ ಒಂದು ಜಗಳವಿತ್ತು, ಅದು ಕುಂಬಾರನ ಆವಿಗೆಯದು. ಹಸಿ ಗಡಿಗೆ ಕಪ್ಪು, ಸುಟ್ಟ ಗಡಿಗೆ ಕೆಂಪು. ಬಣ್ಣ ಬದಲಾದದ್ದು ಎಲ್ಲಿ? ವೈಶೇಷಿಕರ ಪೀಲುಪಾಕವಾದದಂತೆ ಬೆಂಕಿ ತಾಗಿದೊಡನೆ ಗಡಿಗೆ ಪರಮಾಣುಗಳಾಗಿ ಕಳಚಿ, ಪ್ರತಿ ಪರಮಾಣುವಿನ ಬಣ್ಣ ಬದಲಾಗಿ, ಮತ್ತೆ ದ್ವ್ಯಣುಕ-ತ್ರ್ಯಣುಕಗಳಾಗಿ ಕೂಡಿ ಹೊಸ ಗಡಿಗೆಯಾಗುತ್ತದೆ. ನೈಯಾಯಿಕರ ಪಿಠರಪಾಕವಾದದಂತೆ ಗಡಿಗೆ ಗಡಿಗೆಯಾಗಿಯೇ ಬೇಯುತ್ತದೆ. ಅದರ ಸೂಕ್ಷ್ಮ ರಂಧ್ರಗಳೊಳಗೆ ಉರಿ ನುಗ್ಗುತ್ತದೆ. ನೀರು ತುಂಬಿದ ಗಡಿಗೆ ಹೊರಗೆ ಬೆವರುವುದೇ ರಂಧ್ರಗಳಿರುವುದಕ್ಕೆ ಸಾಕ್ಷಿ. ಗಡಿಗೆ ಕಳಚಿ ಬಿದ್ದರೆ ಅದರ ಮೇಲೆ ಪೇರಿಸಿದ ಗಡಿಗೆಗಳು ಏಕೆ ಉರುಳುವುದಿಲ್ಲ, ಕುಂಬಾರ ಗೀರಿದ ಗುರುತು ಹಾಗೇ ಹೇಗೆ ಉಳಿಯುತ್ತದೆ ಎಂದು ಇವರು ಕೇಳಿದರು. ಕಳಚುವುದೂ ಕೂಡುವುದೂ ಒಂಬತ್ತು-ಹತ್ತು ಕ್ಷಣಗಳಲ್ಲಿ ಮುಗಿಯುವುದರಿಂದ ಕಣ್ಣಿಗೆ ಕಾಣದು ಎಂದು ವೈಶೇಷಿಕರು ಉತ್ತರಿಸಿ ಆ ಕ್ಷಣಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರು. ಈ ವಾದದಲ್ಲಿ ಗೆದ್ದವರು ನೈಯಾಯಿಕರೆಂದು ಯಾವ ಕುಂಬಾರನೂ ಹೇಳಿಯಾನು. ಆದರೆ ವಸ್ತುವಿನ ಗುಣ ಬದಲಾಗಬೇಕಾದರೆ ಅದರ ಅತಿಸೂಕ್ಷ್ಮ ಕಣದಲ್ಲೇ ಏನೋ ನಡೆಯಬೇಕು ಎಂಬ ವೈಶೇಷಿಕರ ಹಟ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಶಾಸ್ತ್ರದ ಹೊರಗೆ, ನ್ಯಾಯತೀರ್ಮಾನದ ಕಟ್ಟೆಯಲ್ಲೂ ಈ ಧೂಳು ಕಾಣಿಸುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ನಂಟು ಕಲಬುರಗಿ ಜಿಲ್ಲೆಯ ಮರತೂರಿಗೆ. ಅಲ್ಲಿನ ಶಾಸನ ಅವನನ್ನು ಹೆಸರಿಸುತ್ತದೆ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ದಂಡ ವಿಧಿಸುವ ಚಿನ್ನ-ಬೆಳ್ಳಿಯ ತೂಕ ಶುರುವಾಗುವುದೇ ತ್ರಸರೇಣುವಿನಿಂದ. ಎಂಟು ತ್ರಸರೇಣು ಒಂದು ಲಿಕ್ಷಾ, ಮೂರು ಲಿಕ್ಷಾ ಒಂದು ರಾಜಸರ್ಷಪ, ಮೂರು ರಾಜಸರ್ಷಪ ಒಂದು ಬಿಳಿಸಾಸಿವೆ, ಆರು ಬಿಳಿಸಾಸಿವೆ ಒಂದು ಜವೆ, ಮೂರು ಜವೆ ಒಂದು ಗುಲಗಂಜಿ. ಗುಣಿಸಿದರೆ ಒಂದು ಗುಲಗಂಜಿಗೆ 1,296 ತ್ರಸರೇಣು. ಗುಲಗಂಜಿಯ ತೂಕ ಹೆಚ್ಚುಕಡಿಮೆ 0.12 ಗ್ರಾಂ ಆದ್ದರಿಂದ ತ್ರಸರೇಣುವಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಬರುತ್ತದೆ. ಬಿಸಿಲಿನಲ್ಲಿ ತೇಲುವ ನಿಜವಾದ ಧೂಳಿನ ಕಣ ಇದಕ್ಕಿಂತ ಎಷ್ಟೋ ಹಗುರ. ಯಾರೂ ತೂಗಿ ನೋಡಿದ್ದಲ್ಲ; ಅಕ್ಕಸಾಲಿಗನ ತಕ್ಕಡಿಗೆ ಗುಲಗಂಜಿ ಸಾಕಾಗಿತ್ತು, ಅದರ ಕೆಳಗಿನದು ಶಾಸ್ತ್ರದ ಅಂದಕ್ಕೆ.

ಮಣ್ಣೂರಿನ ವೃಂದಾವನ 14ನೆಯ ಶತಮಾನದ್ದು. ಮಧ್ವಾಚಾರ್ಯರ (1238–1317) ನಂತರ ಪದ್ಮನಾಭತೀರ್ಥ, ನರಹರಿತೀರ್ಥರ ಬಳಿಕ ಪೀಠಕ್ಕೆ ಬಂದ ಮಾಧವತೀರ್ಥರ ಕಾಲವನ್ನು ಮಠದ ಪರಂಪರೆ 1333ರಿಂದ 1350 ಎಂದು ಎಣಿಸುತ್ತದೆ. ಅವರ ಬಳಿಕ ಅಕ್ಷೋಭ್ಯತೀರ್ಥರು, ಅವರ ಶಿಷ್ಯ ಜಯತೀರ್ಥರು. ಅಕ್ಷೋಭ್ಯರ ವೃಂದಾವನ ಮಳಖೇಡದಲ್ಲಿದೆ. ‘ಟೀಕಾಚಾರ್ಯ’ರೆಂದೇ ಹೆಸರಾದ ಜಯತೀರ್ಥರ ಆರಾಧನೆಯೂ ಅಲ್ಲಿ ನಡೆಯುತ್ತದೆ. ಜೈನ ಪರಮಾಣುವಾದದ ಹಳೆಯ ರಾಜಧಾನಿಯೇ ಪರಮಾಣು ಖಂಡನೆಯ ಪುಣ್ಯಕ್ಷೇತ್ರವಾದದ್ದು ಹೀಗೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ವೈಶೇಷಿಕ ಮತದ ಖಂಡನೆಯಿದೆ. ಶಂಕರರು ಅಲ್ಲಿ ಕೇಳಿದ ಪ್ರಶ್ನೆ: ಪ್ರಳಯದಲ್ಲಿ ಸುಮ್ಮನೆ ಬಿದ್ದಿದ್ದ ಜಡ ಪರಮಾಣುಗಳಿಗೆ ಮೊದಲ ಚಲನೆ ಬಂದದ್ದು ಎಲ್ಲಿಂದ? ಅದೃಷ್ಟದಿಂದ ಎಂದರೆ ಅದೃಷ್ಟವೂ ಜಡವೇ. ಮಧ್ವರು ‘ಅನುವ್ಯಾಖ್ಯಾನ’ದಲ್ಲಿ ಈ ಖಂಡನೆಯನ್ನು ತಮ್ಮ ದಾರಿಯಲ್ಲಿ ಬೆಳೆಸಿದರು, ಜಯತೀರ್ಥರ ‘ನ್ಯಾಯಸುಧಾ’ ಅದನ್ನು ಎಳೆ ಎಳೆಯಾಗಿ ಬಿಡಿಸಿತು. ದ್ವೈತಿಗಳು ಜಗತ್ತು ಸತ್ಯವೆನ್ನುವವರು, ಜಡವಸ್ತು ಮಿಥ್ಯೆಯೆನ್ನುವವರಲ್ಲ. ಅವರ ತಕರಾರು ‘ಭಾಗವಿಲ್ಲದ ಕಣ’ ಎಂಬ ಮಾತಿನ ಮೇಲೆ. ಪರಮಾಣುವಿಗೂ ಮೂಡಣ ಮಗ್ಗುಲು, ಪಡುವಣ ಮಗ್ಗುಲು ಇರಲೇಬೇಕು. ಇಲ್ಲದಿದ್ದರೆ ಎರಡು ಕೂಡಿದಾಗ ಗಾತ್ರ ಹೆಚ್ಚುವುದು ಹೇಗೆ? ಆದ್ದರಿಂದ ಅತಿಸೂಕ್ಷ್ಮ ಕಣಕ್ಕೂ ಭಾಗಗಳುಂಟು, ವಿಭಾಗಕ್ಕೆ ಕೊನೆಯಿಲ್ಲ. ಜಗತ್ತಿನ ಉಪಾದಾನ ಪರಮಾಣುಗಳ ರಾಶಿಯಲ್ಲ, ತ್ರಿಗುಣದ ಪ್ರಕೃತಿ; ಮಹತ್ತು, ಅಹಂಕಾರ, ಭೂತಗಳಾಗಿ ಪರಿಣಮಿಸುವುದು ಅದೇ.

ವಾದದ ಆಯುಧ ವಸುಬಂಧುವಿನದೇ, ತೀರ್ಮಾನ ಮಾತ್ರ ತಿರುಗುಮುರುಗು. ಮಗ್ಗುಲಿದ್ದರೆ ಹೊರಗಿನ ವಸ್ತುವೇ ಇಲ್ಲ ಎಂದ ಬೌದ್ಧ. ಮಗ್ಗುಲಿದ್ದರೆ ಇರಲಿ, ವಸ್ತು ಇದ್ದೇ ಇದೆ ಎಂದರು ಮಾಧ್ವರು. ಜಡದಲ್ಲಿ ನಿರವಯವ ಅಣುವನ್ನು ಒಪ್ಪದ ಅವರೇ ಜೀವವನ್ನು ಅಣುಪರಿಮಾಣದ್ದು ಎಂದೂ ಸಾಧಿಸಿದರು. ಕೂದಲ ತುದಿಯನ್ನು ನೂರಾಗಿ ಸೀಳಿ, ಅದರಲ್ಲೊಂದನ್ನು ಮತ್ತೆ ನೂರಾಗಿ ಸೀಳಿದಷ್ಟು ಎಂಬ ಶ್ವೇತಾಶ್ವತರ ಉಪನಿಷತ್ತಿನ ಅಳತೆ ಇದಕ್ಕೆ ಆಧಾರ; ಒಂದೆಡೆ ಹಚ್ಚಿದ ಗಂಧದ ಬಿಂದುವಿನ ತಂಪು ಮೈಯೆಲ್ಲ ಹರಡುವುದು ಇದಕ್ಕೆ ದೃಷ್ಟಾಂತ.

ವ್ಯಾಸತೀರ್ಥರ (1460–1539) ‘ತರ್ಕತಾಂಡವ’ ನ್ಯಾಯ-ವೈಶೇಷಿಕಗಳ ಮೇಲಿನ ಈ ದಾಳಿಯನ್ನು ಇನ್ನಷ್ಟು ಮುಂದೊಯ್ದಿತು. ಮಾಧ್ವ ಮಠಗಳಲ್ಲಿ ‘ನ್ಯಾಯಸುಧಾ’ದ ಪಾಠ ಮುಗಿದಾಗ ಸುಧಾಮಂಗಳವೆಂಬ ದೊಡ್ಡ ಸಂಭ್ರಮ ಇಂದಿಗೂ ನಡೆಯುತ್ತದೆ. ಆ ಮಟ್ಟಕ್ಕೆ ಏರುವ ವಿದ್ಯಾರ್ಥಿ ಮೊದಲು ಅನ್ನಂಭಟ್ಟನ ‘ತರ್ಕಸಂಗ್ರಹ’ದಂಥ ಪುಸ್ತಕದಿಂದ ಪರಮಾಣು-ದ್ವ್ಯಣುಕಗಳನ್ನು ಬಾಯಿಪಾಠ ಮಾಡಬೇಕು, ಆಮೇಲೆ ಖಂಡಿಸಬೇಕು. ಈ ಸೀಮೆಯಲ್ಲಿ ವೈಶೇಷಿಕರ ಪರಮಾಣು ಉಳಿದದ್ದು ಎದುರಾಳಿಯ ಪಾಠಶಾಲೆಯಲ್ಲಿ, ಪೂರ್ವಪಕ್ಷವಾಗಿ.

ಮಾಧವತೀರ್ಥರ ಪೀಠಕಾಲದಲ್ಲೇ, 1347ರಲ್ಲಿ, ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಅರಬ್ಬಿ ದೇವತಾಶಾಸ್ತ್ರವಾದ ಕಲಾಮ್‌ಗೂ ತನ್ನದೇ ಪರಮಾಣು ಇತ್ತು. ಅಶ್‌ಅರಿ ಪಂಥದವರು ‘ಜೌಹರ್’ ಎಂದು ಕರೆದ ಒಡೆಯಲಾಗದ ಕಣ ತನ್ನಷ್ಟಕ್ಕೆ ಉಳಿಯದು, ದೇವರು ಕ್ಷಣಕ್ಷಣಕ್ಕೂ ಅದರ ಗುಣಗಳನ್ನು ಹೊಸದಾಗಿ ಸೃಷ್ಟಿಸುತ್ತಾನೆ. ಇಬ್ನ್ ಸೀನಾನಂಥ ತತ್ತ್ವಜ್ಞರು ಇದನ್ನು ಒಪ್ಪದೆ, ಕಣಕ್ಕೆ ಮಗ್ಗುಲಿದೆ ಎಂಬ ಅದೇ ಆಕ್ಷೇಪವನ್ನು ಎತ್ತಿದರು. ಫಿರೋಜ್ ಶಾಹ ಬಹಮನಿ (1397–1422) ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಮಳಖೇಡದ ಸಂಸ್ಕೃತ ವಾದ ಕಲಬುರಗಿಯ ಮದರಸಾಕ್ಕಾಗಲಿ, ಅಲ್ಲಿಯ ಅರಬ್ಬಿ ವಾದ ಮಠಕ್ಕಾಗಲಿ ಮುಟ್ಟಿದ ಗುರುತು ಗ್ರಂಥಗಳಲ್ಲಿ ಕಾಣುವುದಿಲ್ಲ. ಜನರ ಬಾಯಲ್ಲಿ, ಕೀರ್ತನೆಗಳಲ್ಲಿ ಮಾತ್ರ ‘ಅಣುರೇಣು ತೃಣಕಾಷ್ಠ’ ಎಂಬ ನುಡಿಗಟ್ಟು ವಾದದ ಗೊಡವೆಯಿಲ್ಲದೆ ಓಡಾಡಿತು.

ಯುರೋಪಿನಲ್ಲಿ ಜಾನ್ ಡಾಲ್ಟನ್ 1808ರಲ್ಲಿ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಪರಮಾಣುಗಳಿಗೆ ಸಾಪೇಕ್ಷ ತೂಕ ಕೊಟ್ಟಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಒಡೆಯಬಹುದೇ ಎಂಬುದರ ಬದಲು ಎಷ್ಟು ತೂಗುತ್ತದೆ ಎಂದು ಕೇಳತೊಡಗಿದರು. 1908ರ ಸುಮಾರಿಗೆ ಜ್ಯಾಂ ಪೆರ‍್ಯಾಂ ನೀರಿನಲ್ಲಿ ಅಲುಗುವ ಸೂಕ್ಷ್ಮ ಕಣಗಳನ್ನು ಅಳೆದು ಸಂದೇಹಗಳನ್ನು ಮುಗಿಸಿದ. ಲುಕ್ರೀಷಿಯಸ್ ಧೂಳಿನ ಅಲುಗಾಟದಲ್ಲಿ ಹುಡುಕಿದ ಸಾಕ್ಷಿ, ಧೂಳಿನಲ್ಲಲ್ಲದಿದ್ದರೂ, ಅಲುಗಾಟದಲ್ಲೇ ಸಿಕ್ಕಿತು.

ಈ ಹೊಸ ಪರಮಾಣು ಮಣ್ಣೂರಿನ ಸೀಮೆಗೆ ಬರುವ ಹೊತ್ತಿಗೆ ಅದು ನಿಜಾಮರ ರಾಜ್ಯ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿ, ಅದಕ್ಕಾಗಿ ವಿಜ್ಞಾನದ ಪುಸ್ತಕಗಳು ಅನುವಾದಗೊಂಡವು. ಉರ್ದು ವಿಜ್ಞಾನ ಬರಹದಲ್ಲಿ ಡಾಲ್ಟನ್ನನ ಕಣಕ್ಕೆ ಸಿಕ್ಕ ಹೆಸರು ಕಲಾಮ್‌ನ ಅದೇ ‘ಜೌಹರ್’. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿ, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಶಾಲೆಗಳಿಗೆ ಕನ್ನಡ ಪಠ್ಯ ಬಂತು. ಅದರಲ್ಲಿ ಡಾಲ್ಟನ್ನನ ಕಣ ‘ಪರಮಾಣು’, ಪರಮಾಣುಗಳು ಕೂಡಿದ್ದು ‘ಅಣು’, ಮಹಾವೀರಾಚಾರ್ಯನ ಏಣಿಯಲ್ಲಿದ್ದ ಕ್ರಮದಲ್ಲೇ. ಪತ್ರಿಕೆಗಳು ಮತ್ತು ಆಡುಮಾತು ಆ ಕ್ರಮವನ್ನು ಪಾಲಿಸಲಿಲ್ಲ. ಅವುಗಳಲ್ಲಿ ಪರಮಾಣುವಿನ ಬೀಜವನ್ನು ಒಡೆಯುವ ಕೈಗಾದ ಕೇಂದ್ರ ಇಂದಿಗೂ ‘ಅಣುಸ್ಥಾವರ’ವೇ.